ನಕ್ಷತ್ರಚಿತ್ರದ ರೋಗನಿದಾನ



ವೈದ್ಯರಾದ ನಮಗೆ ಆಕಾಶದ ಗೊಡವೆ ಏಕೆಂದು ತಾವು ಕೇಳಬಹುದು. ನಮ್ಮವರ ಎಷ್ಟೋ ಮನೆಗಳ ಗ್ಯಾರೇಜಿನಲ್ಲಿ, ಮಕ್ಕಳಿಗೆಂದು ಕೊಂಡ ದೂರದರ್ಶಕವೊಂದು ಧೂಳು ಹಿಡಿದು ನಿಂತಿದೆ. ಮೊದಲ ಚಿತ್ರಗಳಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ ಮೂಡದೆ ಅಕ್ಕಿಕಾಳಿನಂತೆ ಉದ್ದವಾದವು. ಮಗುವಿನ ಉತ್ಸಾಹ ಅಲ್ಲಿಗೇ ಬತ್ತಿತು. ಉಪಕರಣವೇ ಕೆಟ್ಟದ್ದೆಂಬ ತೀರ್ಪು ಹೊರಬಿತ್ತು. ನಿದಾನವಿಲ್ಲದ ಇಂಥ ತೀರ್ಪನ್ನು ವೈದ್ಯರು ಒಪ್ಪಲಾರೆವು.

ಭೂಮಿಯು 23 ಗಂಟೆ 56 ನಿಮಿಷ 4 ಸೆಕೆಂಡುಗಳಲ್ಲಿ ಒಂದು ಸುತ್ತು ತಿರುಗುವುದರಿಂದ, ಖಗೋಳ ಸಮಭಾಜಕದ ಬಳಿಯ ನಕ್ಷತ್ರವು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡಿನಷ್ಟು ಸರಿಯುತ್ತದೆ. ಒಂದು ಆರ್ಕ್‌ಸೆಕೆಂಡೆಂದರೆ ಡಿಗ್ರಿಯ 3600ನೇ ಒಂದು ಭಾಗ. ಅದನ್ನು ತಪ್ಪದೆ ಹಿಂಬಾಲಿಸುವುದು ಮೌಂಟ್ ಎಂಬ ಪೀಠದ ಹೊಣೆ.

ಮೊದಲನೆಯದು ದರ್ಶನಪರೀಕ್ಷೆ. ಚಿತ್ರದ ಮೂಲೆಗಳ ನಕ್ಷತ್ರಗಳು ಮಾತ್ರ ಹಿಗ್ಗಿದ್ದರೆ ದೋಷ ಮಸೂರಗಳದ್ದು, ಪೀಠದ್ದಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಿದ್ದರೆ ಪೀಠವನ್ನು ಶಂಕಿಸಬೇಕು. ಪ್ರಖರ ನಕ್ಷತ್ರಗಳಿಗೆ ಮಾತ್ರ ಬಾಲ ಮೂಡಿ, ಮಂಕಾದವು ದುಂಡಗಿದ್ದರೆ, ಅದು ಗಾಳಿಯಿಂದಲೋ ಕೈತಾಗಿಯೋ ಆದ ಕ್ಷಣಿಕ ಅಲುಗಾಟ.

ಎರಡನೆಯದು ತಾಡನ. ಎದೆಯನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸುವ ವಿಧಾನವನ್ನು ವಿಯೆನ್ನಾದ ಔವೆನ್‌ಬ್ರುಗರ್ 1761ರಲ್ಲಿ ಪ್ರಕಟಿಸಿದ. ನಾವೂ ಹಾಗೆಯೇ ದೂರದರ್ಶಕದ ಕೊಳವೆಯನ್ನು ಮೆಲ್ಲಗೆ ತಟ್ಟಿ, ನಕ್ಷತ್ರದ ನಡುಕ ನಿಲ್ಲುವವರೆಗೆ ಎಣಿಸೋಣ. ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಆರೋಗ್ಯ. ಐದನ್ನು ಮೀರಿದರೆ ಮುಕ್ಕಾಲಿಯ ಕಾಲುಗಳನ್ನು ಗಿಡ್ಡಗೊಳಿಸಿ, ತಿರುಪುಗಳನ್ನು ಬಿಗಿದು, ಮರದ ಡೆಕ್ಕಿನಿಂದ ಗಟ್ಟಿನೆಲಕ್ಕೆ ಇಳಿಸಬೇಕು.

ಮೂರನೆಯದು ಕಾಲಪರೀಕ್ಷೆ. ಒಂದು ಸೆಕೆಂಡಿನ ಚಿತ್ರ ದುಂಡಗಿದ್ದು ಎರಡು ನಿಮಿಷದ್ದು ಎಳೆದಿದ್ದರೆ ಅದು ಹಿಂಬಾಲಿಸುವಿಕೆಯ ದೋಷ. ನಕ್ಷತ್ರವು ಪೂರ್ವ-ಪಶ್ಚಿಮವಾಗಿ ತೂಗಿ, ನಿಯತಕಾಲಕ್ಕೆ ಮರಳಿದರೆ ಅದು ವರ್ಮ್ ಗೇರಿನ ಕುಂದು; 180 ಹಲ್ಲುಗಳ ಚಕ್ರವಾದರೆ ಆ ಕಾಲ ಸುಮಾರು 8 ನಿಮಿಷ. ಇದಕ್ಕೆ ಗೈಡ್ ಕ್ಯಾಮೆರಾ ಮದ್ದು. ಉತ್ತರಕ್ಕೋ ದಕ್ಷಿಣಕ್ಕೋ ಒಂದೇ ಸಮನೆ ಸರಿದರೆ ಪೀಠದ ಅಕ್ಷವು ಧ್ರುವಬಿಂದುವಿಗೆ ನೆಟ್ಟಗಿಲ್ಲವೆಂದು ಅರ್ಥ. ಉತ್ತರಗೋಲದಲ್ಲಿ, ಮಹಾವ್ಯಾಧನ ನಡುಪಟ್ಟಿ ನೇರ ದಕ್ಷಿಣಕ್ಕೆ ಬಂದಾಗ ಅಲ್ಲಿನ ನಕ್ಷತ್ರ ದಕ್ಷಿಣಕ್ಕೆ ಸರಿದರೆ ಅಕ್ಷವು ಪೂರ್ವಕ್ಕೆ ಹೆಚ್ಚು ವಾಲಿದೆ. ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ. ಅದೇ ನಡುಪಟ್ಟಿ ಪೂರ್ವದಲ್ಲಿದ್ದಾಗ ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ. ಉತ್ತರಕ್ಕೆ ಸರಿದರೆ ಎತ್ತರವಾಗಿದೆ.

ರಜೆಯಲ್ಲಿ ಉಪಕರಣವನ್ನು ಊರಿಗೆ ಒಯ್ಯುವವರು ಗಮನಿಸಬೇಕು: ಡೆಟ್ರಾಯಿಟ್‌ನಲ್ಲಿ ಸುಮಾರು 42 ಡಿಗ್ರಿ ಎತ್ತರದಲ್ಲಿರುವ ಧ್ರುವನಕ್ಷತ್ರ ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿಯಲ್ಲಿರುತ್ತದೆ. ಅಕ್ಷವನ್ನು ಅಷ್ಟು ತಗ್ಗಿಸದೆ ಅಲ್ಲಿ ಒಳ್ಳೆಯ ಚಿತ್ರ ದೊರೆಯದು.

ಒಂದು ಬಾರಿಗೆ ಒಂದೇ ಔಷಧ, ಪ್ರತಿ ಔಷಧದ ನಂತರ ಮರುಪರೀಕ್ಷೆ. ಇದು ನಮ್ಮ ವೃತ್ತಿಧರ್ಮ. ದೂರದರ್ಶಕಕ್ಕೂ ಅದೇ ಸಲ್ಲುತ್ತದೆ. ಈ ಪರೀಕ್ಷೆಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಿರಿ. ತಪ್ಪಿನ ಕಾರಣವನ್ನು ತಾವೇ ಹುಡುಕಬಹುದೆಂದು ಅರಿತ ಮಗು ಅಷ್ಟು ಸುಲಭವಾಗಿ ಕೈಚೆಲ್ಲದು.