ಜ್ವರದ ಮನೆಯ ಲೆಕ್ಕ



ಆಸ್ಪತ್ರೆಗೆ ಸರ್ಕಾರ ಹಾಕುವ ಹಣದಿಂದ ಏನು ಉತ್ಪಾದನೆ ಆಗುತ್ತೆ ಎಂದು ಕೇಳುವವರಿದ್ದಾರೆ. ನಾಟಿ ಹೊತ್ತಿನಲ್ಲಿ ಚಳಿಜ್ವರ ಹೊಕ್ಕ ಮನೆಯನ್ನು ಅವರು ಕಂಡವರಲ್ಲ. ಯಜಮಾನ ಹತ್ತು ದಿನ ಮಲಗಿದರೆ ಸಸಿ ಬಲಿಯುತ್ತೆ, ಹದ ತಪ್ಪುತ್ತೆ, ಇಳುವರಿ ಇಳಿಯುತ್ತೆ. ಮೇಲೆ ಔಷಧಿಗೆ ಕೈಸಾಲ. ಈ ನಷ್ಟವನ್ನು ಯಾವ ಬಜೆಟ್ಟಿನಲ್ಲಿ ಬರೆದಿದ್ದಾರೆ, ಹೇಳಿ?

ಲೆಕ್ಕ ನಾನು ಹೇಳ್ತೀನಿ. 1947ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ಸರ್ಕಾರ ಹಣ ಹಾಕಿ ಮನೆಮನೆಗೆ ಡಿ.ಡಿ.ಟಿ. ಹೊಡೆಸತೊಡಗಿತು. 1965ಕ್ಕೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು.

ಇದರಿಂದ ಬೆಳೆಗೇನು ಬಂತು ಅಂತೀರಾ? ಹಿಮಾಲಯದ ತಪ್ಪಲಿನ ತರಾಯಿ ಸೀಮೆ ನೋಡಿ. ಜ್ವರಕ್ಕೆ ಹೆದರಿ ಹೊರಗಿನವರು ನೆಲೆಯೂರದಿದ್ದ ಕಾಡು ಅದು. ಸೊಳ್ಳೆ ಹತೋಟಿಗೆ ಬಂದ ಮೇಲೆ ನಿರಾಶ್ರಿತರು ಬಂದು ಗದ್ದೆ ಮಾಡಿದರು. 1960ರಲ್ಲಿ ಅಲ್ಲೇ ಪಂತನಗರದಲ್ಲಿ ಕೃಷಿ ವಿಶ್ವವಿದ್ಯಾಲಯ ಎದ್ದಿತು.

ಆದರೆ ಫಲ ಒಂದೇ ವರ್ಷಕ್ಕೆ ಬರುವುದಿಲ್ಲ. ತೆಂಗಿನ ಸಸಿ ಇಟ್ಟ ವರ್ಷವೇ ಕಾಯಿ ಎಣಿಸ್ತೀವಾ? 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುವ ಮಾತು ಇದು: ಮಲೇರಿಯ ಹೆಚ್ಚಿದ್ದ ಜಿಲ್ಲೆಗಳಲ್ಲಿ, ರೋಗ ಇಳಿದ ಮೇಲೆ ಹುಟ್ಟಿದ ಗಂಡುಮಕ್ಕಳು ದುಡಿಯುವ ವಯಸ್ಸಿಗೆ ಬಂದಾಗ ಅವರ ಮನೆಯ ಖರ್ಚಿನ ಶಕ್ತಿ ತುಸು ಹೆಚ್ಚಿತ್ತು. ತುಸುವೇ ಇರಲಿ, ಇಪ್ಪತ್ತು ವರ್ಷ ಕಳೆದ ಮೇಲೂ ಕಂಡ ಫಲ ಅದು.

ನಡುವೆ ಕೈಬಿಟ್ಟರೆ ಏನಾಗುತ್ತೆ ಎಂಬುದನ್ನೂ ಕಂಡಿದ್ದೇವೆ. ರೋಗ ಹೋಯಿತೆಂದು ನಿಗಾ ಸಡಿಲವಾಯಿತು, ಡಿ.ಡಿ.ಟಿ. ಹೊತ್ತಿಗೆ ಸಿಗಲಿಲ್ಲ, ಸೊಳ್ಳೆಯೂ ಔಷಧಿಗೆ ಬಗ್ಗದಾಯಿತು. 1976ರಲ್ಲಿ 64 ಲಕ್ಷ ಜನಕ್ಕೆ ಮತ್ತೆ ಜ್ವರ. ಕಳೆ ಕೀಳುವುದನ್ನು ನಿಲ್ಲಿಸಿದ ಹೊಲದ ಗತಿಯೇ ಆಯಿತು.

ಈಗಿನ ಕಾಲಕ್ಕೆ ಬರೋಣ. 2013-14ರಲ್ಲಿ ದೇಶದ ಆರೋಗ್ಯ ವೆಚ್ಚದ ಪ್ರತಿ 100 ರೂಪಾಯಿಯಲ್ಲಿ 64 ರೂಪಾಯಿ ಜನರ ಜೇಬಿನಿಂದ ಹೋಗುತ್ತಿತ್ತು. ಸರ್ಕಾರ ಕೈ ಬಿಚ್ಚಿದ ಹಾಗೆಲ್ಲ ಅದು 2021-22ಕ್ಕೆ 39ಕ್ಕೆ ಇಳಿದಿದೆ. ಆದರೂ ಆ ವರ್ಷ ಸರ್ಕಾರಗಳೆಲ್ಲ ಸೇರಿ ಹಾಕಿದ್ದು ರಾಷ್ಟ್ರೀಯ ಉತ್ಪನ್ನದ ಶೇ. 1.84 ಮಾತ್ರ. 2025ಕ್ಕೆ ಶೇ. 2.5 ಮುಟ್ಟಿಸುತ್ತೇವೆಂದು 2017ರ ಆರೋಗ್ಯ ನೀತಿಯಲ್ಲಿ ಬರೆದುಕೊಟ್ಟವರು ಅವರೇ.

ಹೋರಾಡಿ ಪಡೆದ ಬೆಲೆ ಆಸ್ಪತ್ರೆಯ ಬಿಲ್ಲಿಗೆ ಹೋದರೆ ಸಾಲ ತೀರುವುದು ಎಂದು? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಇದ್ದಾರಾ, ಔಷಧಿ ಇದೆಯಾ? ಬೆಲೆ ಕೇಳಿದ ಬಾಯಲ್ಲೇ ಇದನ್ನೂ ಕೇಳಿ.