ಸೇವೆ ಮಾಡುವವರ ಸಾಲಿನಲ್ಲಿ



ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್, ಶುರುವಾದದ್ದು 1969ರಲ್ಲಿ. ಅದರ ಏಳು ದಿನಗಳ ಶಿಬಿರದಲ್ಲಿ ಚರಂಡಿ ತೋಡಿದವರು, ರಸ್ತೆಗೆ ಮಣ್ಣು ಹೊತ್ತವರು ಈ ಸಭೆಯಲ್ಲೂ ಇದ್ದೀರಿ. ಅಲ್ಲಿ ಅಂಗವಿಕಲರನ್ನು ಎಲ್ಲಿ ಕಂಡಿರಿ, ನೆನಪು ಮಾಡಿಕೊಳ್ಳಿ. ಹೆಚ್ಚಾಗಿ ಸಮೀಕ್ಷೆಯ ಪಟ್ಟಿಯಲ್ಲಿ, ಇಲ್ಲವೇ ಹಣ್ಣು ಹಂಚುವ ಫೋಟೊದಲ್ಲಿ. ಸ್ವಯಂಸೇವಕರಾಗಿ ಕಂಡದ್ದು ಅಪರೂಪ. "ನಿನಗ್ಯಾಕಪ್ಪ ತೊಂದರೆ, ಹಾಜರಿ ನಾವು ನೋಡ್ಕೋತೀವಿ" ಎಂದು ಅಕ್ಕರೆಯಿಂದಲೇ ಮನೆಗೆ ಕಳಿಸುತ್ತೇವೆ. ಆ ಅಕ್ಕರೆಯೇ ಅವರನ್ನು ಹೊರಗಿಡುತ್ತದೆ ಎಂಬುದು ನನ್ನ ಸಂಕಟ.

ಕೊಡುವ ಶಕ್ತಿ ಅವರಲ್ಲಿಲ್ಲವೇ? ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆಯನ್ನು ಕಟ್ಟಿದ ಎನ್.ಎಸ್. ಹೇಮಾ ಅವರಿಗೆ ಪೋಲಿಯೊ ಆಗಿತ್ತು. ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ, ಕನ್ನಡವನ್ನೂ ಉಲಿಯುವ ಎನ್‌ವಿಡಿಎ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಮೈಕೆಲ್ ಕರನ್. ಅವರ ಜೊತೆಗೂಡಿದವರು ಜೇಮ್ಸ್ ಟೆಹ್. ಇಬ್ಬರೂ ಆಸ್ಟ್ರೇಲಿಯಾದವರು, ಇಬ್ಬರಿಗೂ ಕಣ್ಣು ಕಾಣದು. ಅದನ್ನು ಜಗತ್ತಿಗೆಲ್ಲ ಉಚಿತವಾಗಿ ಕೊಟ್ಟರು.

ಹಾಗಾದರೆ ಶಿಬಿರದಲ್ಲಿ ಏನು ಮಾಡಬೇಕು? ಮೊದಲು ಕೆಲಸವನ್ನು ಬಿಡಿಸಿ ನೋಡಬೇಕು. ಮನೆಮನೆ ಸಮೀಕ್ಷೆ ಎಂದರೆ ನಡೆಯುವುದು, ಮಾತಾಡಿಸುವುದು, ಬರೆದುಕೊಳ್ಳುವುದು, ಲೆಕ್ಕ ಕೂಡಿಸುವುದು. ಕಣ್ಣು ಕಾಣದ ವಿದ್ಯಾರ್ಥಿನಿ ಜಗಲಿಯ ಮೇಲೆ ಕೂತು ಅಜ್ಜಿಯನ್ನು ಮಾತಾಡಿಸಲಿ, ಜೊತೆಗಾತಿ ಬರೆದುಕೊಳ್ಳಲಿ. ಗಾಲಿಕುರ್ಚಿಯ ಹುಡುಗ ಅಂಗಳದ ಮೇಜಿನ ಮುಂದೆ ಲೆಕ್ಕ ಹಿಡಿಯಬಲ್ಲ. ಸಂಜೆಯ ನಾಟಕ ಆಡಿಸುತ್ತೇನೆ ಎಂದರೆ ಅದೂ ಆಗಲಿ, ಲೆಕ್ಕಕ್ಕೇ ಅವನನ್ನು ಕಟ್ಟಿಹಾಕಬಾರದು. ಶಿಬಿರ ನಡೆಯುವುದು ಸೀಟಿ ಮತ್ತು ಮೈಕಿನ ಮೇಲೆ. ಕಿವಿ ಕೇಳದವರಿಗೆ ಎರಡೂ ಇಲ್ಲ. ಮರುದಿನದ ಕಾರ್ಯಕ್ರಮವನ್ನು ಹಿಂದಿನ ರಾತ್ರಿಯೇ ಕಪ್ಪುಹಲಗೆಯ ಮೇಲೆ ಬರೆದರೆ ಅವರಿಗೂ ತಿಳಿಯುತ್ತದೆ, ಉಳಿದವರಿಗೂ ಗೊಂದಲ ತಪ್ಪುತ್ತದೆ. ಚರ್ಚೆಗೆ ಮಾತ್ರ ಸಂಜ್ಞಾಭಾಷೆ ಬಲ್ಲವರೊಬ್ಬರು ಬೇಕೇ ಬೇಕು. ಅದಕ್ಕೆ ಖರ್ಚಿದೆ, ಬಜೆಟ್ಟಿನಲ್ಲಿ ಮೊದಲೇ ಬರೆದಿಡಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಎಷ್ಟೋ ಹೊರಗೆ ಕಾಣುವುದೇ ಇಲ್ಲ. ಆದ್ದರಿಂದ ನೋಡಿ ಊಹಿಸುವುದನ್ನು ಬಿಟ್ಟು, ಹೆಸರು ನೋಂದಾಯಿಸುವ ಅರ್ಜಿಯಲ್ಲೇ ಎಲ್ಲರನ್ನೂ ಕೇಳಿ: ನಿಮಗೆ ಯಾವ ಅನುಕೂಲ ಬೇಕು, ಯಾವ ಕೆಲಸ ಇಷ್ಟ?

ಇನ್ನು ಜಾಗ. ಶಿಬಿರಕ್ಕೆ ಊರಿನ ಶಾಲೆಯನ್ನು ನೋಡಲು ಹೋಗುವಾಗ ಗಾಲಿಕುರ್ಚಿಯ ವಿದ್ಯಾರ್ಥಿಯನ್ನೂ ಕರೆದುಕೊಂಡು ಹೋಗಿ. ಒಂದಡಿ ಎತ್ತರದ ಮೆಟ್ಟಿಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೋಟು ಹಲಗೆ ಇಟ್ಟರೆ ಕುರ್ಚಿ ಮಗುಚುತ್ತದೆ. ಶೌಚಾಲಯದ ಬಾಗಿಲೊಳಗೆ ಕುರ್ಚಿ ಹೋಗುತ್ತದೆಯೇ ಎಂದು ಅವನೇ ನೋಡಿ ಹೇಳಲಿ. ಹೋಗದಿದ್ದರೆ ಬೇರೆ ಶಾಲೆ ಹುಡುಕಿ.