ಸದಸ್ಯರಿಲ್ಲದ ಸಭಾಂಗಣ



ಊರು, ರಾಜ್ಯ ಮತ್ತು ದೇಶದ ರಾಜಕೀಯದ ಕುರಿತು ನನ್ನ ಅಭಿಪ್ರಾಯಗಳನ್ನು ಹೇಳಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಸಾಮಾನ್ಯವಾಗಿ ಇಂತಹ ಭಾಷಣಗಳು ದಿಲ್ಲಿಯಿಂದ ಆರಂಭವಾಗುತ್ತವೆ. ವಿಧಾನಸೌಧವನ್ನು ಸುತ್ತಿ ಊರು ತಲುಪುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಆದ್ದರಿಂದ ನಾನು ಊರಿನಿಂದಲೇ ಹೊರಡುತ್ತೇನೆ.

2023ರ ಮಳೆಗಾಲದಲ್ಲಿ ನಮ್ಮ ಭಾಗದ ಸರಕಾರಿ ಪ್ರಾಥಮಿಕ ಶಾಲೆಯ ಮಾಡು ಸೋರುತ್ತಿತ್ತು. ನಾವು ಕೆಲವರು ಮನವಿ ಪತ್ರ ಹಿಡಿದು ಕಚೇರಿಗೆ ಹೋದೆವು. ಅಧಿಕಾರಿ ಸಜ್ಜನರು. ಕುಳ್ಳಿರಿಸಿ ಮಾತನಾಡಿಸಿದರು, ಪತ್ರಕ್ಕೆ ಮೊಹರು ಹಾಕಿ ಸ್ವೀಕೃತಿಯನ್ನೂ ಕೊಟ್ಟರು. ಬಳಿಕ, "ಇದನ್ನು ಸಭೆಯಲ್ಲಿ ಎತ್ತಿ ಹಟ ಹಿಡಿಯಲು ಈಗ ಸದಸ್ಯರೇ ಇಲ್ಲವಲ್ಲ" ಎಂದರು. ಅವರು ಹೇಳಿದ್ದು ಸತ್ಯವಾಗಿತ್ತು.

ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಅನಂತರ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಚುನಾವಣೆಯೇ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಆಳಿದರು. ರಾಜಧಾನಿಯ ಕಥೆಯೂ ಬೇರೆಯಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ತೀರಿತು. 2025ರಲ್ಲಿ ಆ ಪಾಲಿಕೆಯನ್ನೇ ಐದಾಗಿ ಒಡೆಯುವವರೆಗೂ ಅಲ್ಲಿನ ನಾಗರಿಕನಿಗೆ ತನ್ನ ವಾರ್ಡಿನ ಸದಸ್ಯನನ್ನು ಆರಿಸುವ ಅವಕಾಶ ಸಿಗಲಿಲ್ಲ.

ಇದು ಒಂದು ಪಕ್ಷದ ಅಪರಾಧವೇ? ಖಂಡಿತ ಅಲ್ಲ. 2021ರಲ್ಲಿ ಬಿಜೆಪಿ ಸರಕಾರವು ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಹಿಂದಕ್ಕೆ ಪಡೆದು ಪ್ರತ್ಯೇಕ ಆಯೋಗಕ್ಕೆ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂತು. ಸರಕಾರ ಬದಲಾಯಿತು, ಮುಂದೂಡಿಕೆ ಬದಲಾಗಲಿಲ್ಲ. ಉಳಿದೆಲ್ಲ ವಿಷಯಗಳಲ್ಲಿ ಕಚ್ಚಾಡುವ ಈ ಎರಡು ಪಕ್ಷಗಳು ಇದೊಂದರಲ್ಲಿ ಎಂತಹ ಸೌಹಾರ್ದದಿಂದ ವರ್ತಿಸಿದವು ನೋಡಿ! ಕಾರಣ ಗೂಢವಾದುದೇನಲ್ಲ ಎಂಬುದು ನನ್ನ ಅಭಿಪ್ರಾಯ. ಜಿಲ್ಲಾ ಪಂಚಾಯತ್ ಸದಸ್ಯನೆಂದರೆ ಶಾಸಕನ ಪಾಲಿಗೆ ನಾಳೆಯ ಪ್ರತಿಸ್ಪರ್ಧಿ. ಅವನಿಲ್ಲದಿದ್ದರೆ ಕಾಮಗಾರಿಯೂ ಶಾಸಕನದೇ, ಶಂಕುಸ್ಥಾಪನೆಯ ಕಲ್ಲೂ ಶಾಸಕನದೇ.

ನಾವು ಮರೆಯಬಾರದ ಒಂದು ಹೆಸರಿದೆ: ಅಬ್ದುಲ್ ನಝೀರ್ ಸಾಬ್. ಬರಪೀಡಿತ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದ್ದಕ್ಕಾಗಿ ಜನರು ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದು ಕರೆದರು. ನೀರಿಗಿಂತಲೂ ದೊಡ್ಡ ಕೊಡುಗೆ ಅವರದಿತ್ತು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಖಾತೆ ಹೊಂದಿದ್ದ ಅವರು 1983ರ ಕಾಯಿದೆಯ ಶಿಲ್ಪಿಯಾದರು. 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆಗಳು ನಡೆದಾಗ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಸಚಿವನ ಸ್ಥಾನಮಾನವಿತ್ತು. ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. ಐಎಎಸ್ ಅಧಿಕಾರಿಯು ಜನರಿಂದ ಆರಿಸಲ್ಪಟ್ಟವನ ಕೈಕೆಳಗೆ ಕೆಲಸ ಮಾಡಬೇಕಿತ್ತು. 1988ರಲ್ಲಿ ನಝೀರ್ ಸಾಬ್ ತೀರಿಕೊಂಡರು. 1992ರಲ್ಲಿ ಆ ಪರಿಷತ್ತುಗಳ ಅವಧಿ ಮುಗಿದಾಗಲೂ ನಡೆದದ್ದು ಇದೇ. ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು.

ಈ ಚಾಳಿಯನ್ನು ತಡೆಯುವುದಕ್ಕಾಗಿಯೇ 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯು ಪಂಚಾಯತಿನ ಅವಧಿ ಐದು ವರ್ಷವೆಂದೂ, ಅದು ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದೂ ವಿಧಿಸಿತು. ನಗರ ಸಂಸ್ಥೆಗಳ ಕುರಿತು ಸುಪ್ರೀಂ ಕೋರ್ಟ್ ಕೂಡಾ 2006ರಲ್ಲಿ ಇದನ್ನೇ ಒತ್ತಿ ಹೇಳಿತು. ಹಾಗಿದ್ದೂ ನಾವು ಕಂಡದ್ದೇನು? 2010ರಲ್ಲಿ ನಮ್ಮ ರಾಜ್ಯವು ಪಂಚಾಯತ್‌ಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿಟ್ಟು ಬೆನ್ನು ತಟ್ಟಿಸಿಕೊಂಡಿತ್ತು. ಜಿಲ್ಲಾ ಪಂಚಾಯತ್‌ಗಳಲ್ಲೇ ಸಾವಿರಕ್ಕೂ ಹೆಚ್ಚು ಸ್ಥಾನಗಳಿವೆ. ಚುನಾವಣೆಯೇ ನಡೆಯದಿದ್ದರೆ ಮೀಸಲಾತಿ ಯಾವ ಕುರ್ಚಿಗೆ?

ದಿಲ್ಲಿಯ ಬಗ್ಗೆ ಒಂದೇ ಮಾತು. 2021ರಲ್ಲಿ ಆಗಬೇಕಿದ್ದ ಜನಗಣತಿಗೆ ಕೊರೋನಾ ಅಡ್ಡಿಯಾಯಿತು, ಒಪ್ಪೋಣ. ಆದರೆ ಹೊಸ ಗಣತಿಗೆ ಅಧಿಸೂಚನೆ ಹೊರಟದ್ದು 2025ರಲ್ಲಿ, ಅದೂ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಮಹಿಳಾ ಮೀಸಲಾತಿಯನ್ನು ಆ ತಿದ್ದುಪಡಿ ಇದೇ ಬಗೆಯ ಹೊಸ ಗಣತಿಗೂ ಅದರ ಮೇಲಿನ ಕ್ಷೇತ್ರ ಮರುವಿಂಗಡಣೆಗೂ ಗಂಟು ಹಾಕಿತು. ರೇಶನ್ ಯಾರಿಗೆಷ್ಟು ಎಂಬ ಲೆಕ್ಕಕ್ಕೆ ಇಷ್ಟು ವರ್ಷ ಆಧಾರವಾದದ್ದು 2011ರ ತಲೆ ಎಣಿಕೆ. ಆಮೇಲೆ ಹುಟ್ಟಿದ ಮಗುವಿಗೆ ಹಸಿವಿಲ್ಲವೇ?

ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಜಮಾಅತ್ ಕಮಿಟಿಯ ಮಹಾಸಭೆ ಎರಡು ತಿಂಗಳು ತಡವಾದರೆ ನಾವು ಬೀದಿಯಲ್ಲಿ ನಿಂತು ಲೆಕ್ಕ ಕೇಳುತ್ತೇವೆ. ಜಿಲ್ಲೆಯ ಸಭಾಂಗಣ ವರ್ಷಗಟ್ಟಲೆ ಖಾಲಿ ಬಿದ್ದಾಗ ಒಂದು ಪೋಸ್ಟ್ ಕಾರ್ಡನ್ನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಶಾಲೆಯ ಸ್ವೀಕೃತಿ ಪತ್ರ ಕೈಗೆ ಬರುವವರೆಗೆ ನನಗೂ ಅದು ಹೊಳೆದಿರಲಿಲ್ಲ.

ನಮ್ಮ ಸಮಾರಂಭಗಳಿಗೆ ಶಾಸಕರು ಬರುತ್ತಾರೆ, ಬರಲಿ. ಶಾಲನ್ನೂ ಹೊದಿಸೋಣ. ಆದರೆ ಹೊದಿಸುವ ಮುನ್ನ ಮೈಕಿನಲ್ಲಿಯೇ ಒಂದು ಪ್ರಶ್ನೆ ಕೇಳೋಣ: ಜಿಲ್ಲಾ ಪಂಚಾಯತಿಗೆ ಸದಸ್ಯರಿಲ್ಲದ ಆ ವರ್ಷಗಳಲ್ಲಿ ತಾವು ಸದನದಲ್ಲಿ ಎಷ್ಟು ಬಾರಿ ಎದ್ದು ನಿಂತಿರಿ?